ಓಚ್ಚಮ್ಮಾಳ್ ಜೀವಂತ ಅಂತ ಒಪ್ಪದ ಡಬ್ಬಿ

ಬೆಳಿಗ್ಗೆ ಏಳರಿಂದ ಸೇಕರ್ ಆ ಹಳದಿ ತ್ರಿಕೋನವನ್ನೇ ನೋಡುತ್ತ ಕೂತಿದ್ದ. ಕಂಪ್ಯೂಟರಿನ ಪರದೆಯ ಮೇಲೆ ಉದ್ದಕ್ಕೆ ಒಂದು ಪಟ್ಟಿ. ಕೀಬೋರ್ಡು, ಮೌಸು, ಸ್ಪೀಕರು, ಎಲ್ಲದರ ಹೆಸರೂ ಅದರಲ್ಲಿತ್ತು. ಕಟ್ಟಕಡೆಯದಕ್ಕೆ ಮಾತ್ರ ಹೆಸರಿಲ್ಲ. ‘ಅನ್‌ನೋನ್ ಡಿವೈಸ್’ ಅಂತ ಬರೆದು ಪಕ್ಕಕ್ಕೊಂದು ಹಳದಿ ತ್ರಿಕೋನ ಅಂಟಿಸಿತ್ತು. ಯಾರೋ ಏನೋ ಗೊತ್ತಿಲ್ಲ ಅಂತ ಅದರ ಅರ್ಥ. ಗೊತ್ತಿಲ್ಲದ ಆ ವಸ್ತು ಮೇಜಿನ ಮೇಲೆ, ಕಂಪ್ಯೂಟರಿಗೆ ಒಂದು ಗೇಣು ದೂರದಲ್ಲಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾಗಿ, ಕರ್ರಗೆ ಕೂತಿತ್ತು. ಬೆರಳಚ್ಚು ಹಿಡಿಯುವ ಡಬ್ಬಿ.

“ನಿನ್ ಮೂಗಿನ್ ಕೆಳಗೇ ಕೂತಿದೆಯಲ್ಲೋ ಬೇವಾರ್ಸಿ, ಗುರ್ತು ಸಿಗಲ್ವಾ?” ಎಂದು ಪರದೆಯನ್ನು ಬೈದ.

“ಬೈದ್ರೆ ಕೇಳ್ಸುತ್ತಾ ಅದಕ್ಕೆ?” ಎಂದಳು ಹೆಂಡತಿ ತಮಿಳರಸಿ, ಬಾಗಿಲಲ್ಲಿ ಅಕ್ಕಿ ಆರಿಸುತ್ತ.

“ನಿಂಗೆ ಕೇಳ್ಸುತ್ತಲ್ಲ, ಸಾಕು.”

ಅಂದು ನವೆಂಬರ್ ಮೂವತ್ತು. ಒಳಕೋಣೆಯ ಮಂಚದ ಮೇಲೆ ಮಲಗಿದ್ದ ಅವನ ತಾಯಿ, ಎಂಬತ್ತನಾಲ್ಕರ ಓಚ್ಚಮ್ಮಾಳ್, ತಾನಿನ್ನೂ ಸತ್ತಿಲ್ಲ ಅಂತ ಸರ್ಕಾರಕ್ಕೆ ಪ್ರಮಾಣ ಕೊಡಬೇಕಾದ ಕೊನೇ ದಿನ. ರೈಲ್ವೆ ಹಳಿಯ ಮೇಲೆ ಸುತ್ತಿಗೆ ಹಿಡಿದು ಸವೆದ ಗಂಡನ ಪೆನ್ಷನ್ನು ಆಕೆಗೆ ಬರುತ್ತಿತ್ತು. ಅದು ಬರಬೇಕಾದರೆ ವರ್ಷಕ್ಕೊಮ್ಮೆ ಬೆರಳು ಒತ್ತಬೇಕು. ಮನೆಯಲ್ಲೇ ಒತ್ತಿದರೂ ಆದೀತು, ಈ ಡಬ್ಬಿ ಮಾತು ಕೇಳಿದರೆ. ಕೇಳದಿದ್ದರೆ ಮಧ್ಯಾಹ್ನ ಎರಡೂವರೆಗೆ ಊರಿನ ಬಾಡಿಗೆ ವ್ಯಾನಿನ ಪೆರುಮಾಳ್ ಬರುತ್ತಾನೆ. ಆಕೆಯನ್ನು ಉತ್ತಮಪಾಳ್ಯದ ಬ್ಯಾಂಕಿಗೆ ಹೊತ್ತುಕೊಂಡು ಹೋಗಬೇಕು.

ಹೋದ ವರ್ಷ ಹಾಗೇ ಹೊತ್ತಿದ್ದರು. ಸೊಂಟ ಮುರಿದ ಹೆಂಗಸನ್ನು ಪ್ಲಾಸ್ಟಿಕ್ ಕುರ್ಚಿಗೆ ಕೂರಿಸಿ, ಜಾರದಂತೆ ಸೀರೆಯಿಂದ ಬಿಗಿದು, ನಾಲ್ಕು ಜನ ಎತ್ತಿ ವ್ಯಾನಿಗೆ ಹಾಕಿದರು. ಬ್ಯಾಂಕಿನ ಜಗಲಿಯಲ್ಲಿ ಎರಡು ಗಂಟೆ ಕಾಯಿಸಿದರು. ಆ ಎರಡು ಗಂಟೆಯಲ್ಲಿ ಆಗಬಾರದ್ದು ಆಯಿತು. ಸೀರೆ ಒದ್ದೆಯಾಗಿ ಕುರ್ಚಿಯಿಂದ ತೊಟ್ಟಿಕ್ಕಿತು. ಸಾಲಿನಲ್ಲಿದ್ದವರು ಮೂಗು ಮುಚ್ಚಿ ದೂರ ಸರಿದರು. ಒಬ್ಬ ಆಫೀಸರು ಹೊರಗೆ ಬಂದು ದೂರದಿಂದಲೇ ನೋಡಿ, “ಸರಿ ಸರಿ, ಉಸಿರಿದೆ” ಅಂದ. ಮನೆಗೆ ಬಂದ ಓಚ್ಚಮ್ಮಾಳ್ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಮಗನನ್ನು ಕರೆದು ಒಂದೇ ಮಾತು ಹೇಳಿದಳು.

“ಲೇ ಸೇಕರಾ, ಇನ್ನೊಂದ್ ಸಲ ಆ ಕುರ್ಚೀಲಿ ನನ್ನ ಹೊತ್ರೆ, ವಾಪಸ್ ಮನೆಗ್ ತರ್ಬೇಡ. ಹಂಗೇ ಸುಡುಗಾಡಿಗೆ ತಗೊಂಡೋಗು. ದಾರಿ ಮಿಗುತ್ತೆ.”

ಹೇಳಿದ್ದನ್ನು ಮಾಡುವ ಹೆಂಗಸು. ಮೊನ್ನೆಯಿಂದ ಊಟ ಕಮ್ಮಿ ಮಾಡಿದ್ದಳು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಬ್ಯಾಂಕಿನ ಜಗಲಿಯಲ್ಲಿ ಏನೂ ಆಗುವುದಿಲ್ಲ ಅನ್ನುವ ಲೆಕ್ಕ. ಇವತ್ತು ಬೆಳಿಗ್ಗೆಯಿಂದ ನೀರನ್ನೂ ಮುಟ್ಟಿರಲಿಲ್ಲ.

ಬೇರೆ ದಾರಿ ನೋಡದೆ ಇರಲಿಲ್ಲ ಸೇಕರ್. ಮುಖ ನೋಡಿ ಗುರುತು ಹಿಡಿಯುವ ಒಂದು ಆಪ್ ಫೋನಿನಲ್ಲಿತ್ತು. ಅದು ‘ಕಣ್ಣು ಮಿಟುಕಿಸಿ’ ಅಂತು. ಓಚ್ಚಮ್ಮಾಳಿನ ಬಲಗಣ್ಣಿಗೆ ಪೊರೆ ಬಂದು ರೆಪ್ಪೆ ಅರ್ಧಕ್ಕೇ ನಿಂತುಬಿಟ್ಟಿದೆ. ಮಿಟುಕಿಸು ಅಂದರೆ ಎಲ್ಲಿಂದ ಮಿಟುಕಿಸುತ್ತಾಳೆ? ಮನೆಗೇ ಬಂದು ಬೆರಳು ಹಿಡಿಸುತ್ತೇನೆ ಅಂದಿದ್ದ ಅಂಚೆಯವನು ಮಗಳ ಮದುವೆಗೆ ರಜೆ ಹಾಕಿ ಹೋಗಿದ್ದ. ಉಳಿದದ್ದು ಈ ಡಬ್ಬಿ.

ಸೇಕರನಿಗೆ ಈಗ ಐವತ್ತೆಂಟು. ತಮಿಳು ಸೀಮೆಯ ಈ ಹನುಮಂತನಪಟ್ಟಿಯಲ್ಲೇ ಹುಟ್ಟಿದವನು ಹದಿನೇಳಕ್ಕೆ ದಿಂಡಿಗಲ್ಲಿಗೆ ಹೋಗಿ ಬೀಗ ಮಾಡುವ ಪಟ್ಟರೆ ಎಂಬ ಸಣ್ಣ ಕಾರ್ಖಾನೆ ಸೇರಿದ. ಮೂವತ್ತೈದು ವರ್ಷ ಕಬ್ಬಿಣ, ಹಿತ್ತಾಳೆ, ಅರ. ಅವನು ಮಾಡಿದ ಬೀಗಕ್ಕೆ ಇನ್ನೊಂದು ಬೀಗದ ಕೀಲಿ ಹೊಕ್ಕರೂ ತಿರುಗುತ್ತಿರಲಿಲ್ಲ. ಆಮೇಲೆ ಎಲ್ಲಿಂದಲೋ ಮಿಷಿನ್ನಿನ ಬೀಗ ಬಂತು, ನೂರು ಬೀಗಕ್ಕೆ ಒಂದೇ ಕೀಲಿಯಂಥವು. ಪಟ್ಟರೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೆಲಸಗಾರರು ಅಧಿಕಾರಿಗಳ ಕಚೇರಿಯೆದುರು ಟಾರ್ಪಾಲು ಕಟ್ಟಿ ಇಪ್ಪತ್ತೆರಡು ದಿನ ಕೂತರು. ಎಲ್ಲರಿಗೂ ಸಿಕ್ಕಿದ್ದು ಭರವಸೆ. ಸೇಕರನಿಗೆ ಹೆಚ್ಚುವರಿಯಾಗಿ ಮೂಲವ್ಯಾಧಿ. ಮೂಟೆ ಕಟ್ಟಿಕೊಂಡು ಊರಿಗೆ ಬಂದು ಅರ್ಧ ಎಕರೆ ದ್ರಾಕ್ಷಿ ಚಪ್ಪರ ನೋಡಿಕೊಂಡಿದ್ದಾನೆ. ಕಂಪ್ಯೂಟರು, ಮುಚ್ಚಿಹೋದ ಒಂದು ಟೈಪಿಂಗ್ ಶಾಲೆಯಿಂದ ತಂದದ್ದು. ಡಬ್ಬಿ, ಉತ್ತಮಪಾಳ್ಯದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಶಕ್ತಿವೇಲ್ ಮಾರಿದ್ದು.

ಮಾರುವ ದಿನ ಶಕ್ತಿವೇಲ್ ಮನೆಗೆ ಬಂದು, ಜೊತೆಗಿದ್ದ ಪುಟಾಣಿ ಸಿ.ಡಿ. ಹಾಕಿ, ತಮಿಳರಸಿಯ ಹೆಬ್ಬೆರಳು ಇಡಿಸಿ ತೋರಿಸಿದ್ದ. ಕೆಂಪು ದೀಪ ಉರಿದು ಬೆರಳಚ್ಚು ಬಂದಿತ್ತು. ಸಿ.ಡಿ.ಯಲ್ಲಿರೋದೇನು ಅಂತ ಸೇಕರ್ ಕೇಳಿದ್ದಕ್ಕೆ, “ಡ್ರೈವರು ಅಣ್ಣೇ. ನಿಮ್ಮ ಅಮ್ಮ ಕನ್ನಡ ಮಾತಾಡ್ತಾರೆ, ಬ್ಯಾಂಕಿನವರು ತಮಿಳು. ಮಧ್ಯೆ ನಿಂತು ನೀವು ಅದನ್ನ ಇದು ಮಾಡಿ ಹೇಳ್ತೀರಲ್ಲ, ಆ ಕೆಲಸ ಇದು ಮಾಡುತ್ತೆ. ಡಬ್ಬಿಗೂ ಕಂಪ್ಯೂಟರಿಗೂ ಮಧ್ಯೆ” ಎಂದಿದ್ದ. ಸೇಕರನಿಗೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗದ್ದು ಏನೆಂದರೆ, ಹೋದ ವಾರ ಕಂಪ್ಯೂಟರು ಯಾರನ್ನೂ ಕೇಳದೆ ‘ಅಪ್‌ಡೇಟ್’ ಅಂತ ಒಂದು ಗಂಟೆ ಗಿರಗಿರ ಸುತ್ತಿ, ಮತ್ತೆ ಎದ್ದಾಗ ಆ ಮಧ್ಯಸ್ಥನನ್ನು ಮನೆಯಿಂದಾಚೆ ಹಾಕಿತ್ತು. ಯಾಕೆ? ಅವನೇನು ಕದ್ದಿದ್ದ?

ಏಳರಿಂದ ಒಂಬತ್ತರವರೆಗೆ ಸೇಕರ್ ಮಾಡಿದ್ದೆಲ್ಲ ಕೆಟ್ಟಿತು. ನೆಟ್ಟಿನಲ್ಲಿ ‘ಬೆರಳಚ್ಚು ಡ್ರೈವರ್’ ಅಂತ ಹುಡುಕಿದ. ಮೊದಲು ಸಿಕ್ಕಿದ್ದನ್ನೇ ಒತ್ತಿದ. ಅದು ಡ್ರೈವರು ಕೊಡುವ ಬದಲು, ‘ನಿಮ್ಮ ಕಂಪ್ಯೂಟರಿನಲ್ಲಿ ನಲವತ್ತೇಳು ಡ್ರೈವರುಗಳು ಹಳತಾಗಿವೆ’ ಅಂತ ಕೆಂಪು ಅಕ್ಷರದಲ್ಲಿ ಹೆದರಿಸಿತು. ಮನೆಯಲ್ಲಿ ಅಷ್ಟೊಂದು ಡ್ರೈವರುಗಳಿರುವುದೇ ಅವನಿಗೆ ಹೊಸ ಸುದ್ದಿ. ‘ಎಲ್ಲ ಸರಿಮಾಡು’ ಅಂತ ಇತ್ತು, ಒತ್ತಿದ. ಮುಕ್ಕಾಲು ಗಂಟೆ ಕಳೆದು ಕಂಪ್ಯೂಟರು ಎದ್ದಾಗ ಒಂದೊಂದು ಅಕ್ಷರ ಕುಂಬಳಕಾಯಿಯಷ್ಟಾಗಿತ್ತು. ಸ್ಪೀಕರು ಮೂಕವಾಗಿತ್ತು. ಹಳದಿ ತ್ರಿಕೋನ ಒಂದಿದ್ದದ್ದು ಮೂರಾಗಿತ್ತು.

“ಪರವಾಗಿಲ್ಲ ಮಾಮಾ, ಫಸಲು ಚೆನ್ನಾಗಿದೆ” ಎಂದಳು ತಮಿಳರಸಿ.

ಸೇಕರ್ ಶಕ್ತಿವೇಲನಿಗೆ ಫೋನು ಹಚ್ಚಿದ.

“ಅಯ್ಯೋ ಅಣ್ಣೇ, ಅದನ್ಯಾಕೆ ಒತ್ತಿದ್ರಿ? ಅದು ಕಳ್ಳ ನನ್ಮಗಂದು. ಹಿಂದಿನ ದಿನಕ್ಕೆ ವಾಪಸ್ ಕಳ್ಸೋ ದಾರಿ ಇದೆ. ಸಿಸ್ಟಮ್ ರಿಸ್ಟೋರ್ ಅಂತ ಟೈಪ್ ಮಾಡಿ. ನಿನ್ನೆ ತಾರೀಖು ತೋರ್ಸುತ್ತೆ, ಅದನ್ನ ಒತ್ತಿ.”

ಒಳಕೋಣೆಯಿಂದ ಓಚ್ಚಮ್ಮಾಳ್ ಕೂಗಿದಳು. “ಏನ್ಲಾ ಅದು?”

“ಕಂಪ್ಯೂಟರನ್ನ ನಿನ್ನೆಗೆ ಕಳಿಸ್ತಿದೀನಿ ಅವ್ವಾ.”

“ಹೌದಾ? ಹಂಗಾದ್ರೆ ನನ್ನೂ ಕಳ್ಸು. ಸೊಂಟ ಮುರಿಯೋ ಮುಂಚಿನ್ ದಿನಕ್ಕೆ.”

ಅಕ್ಷರಗಳು ಇಳಿದವು, ಸ್ಪೀಕರಿಗೆ ದನಿ ಬಂತು, ತ್ರಿಕೋನ ಮತ್ತೆ ಒಂದಕ್ಕೆ ಬಂತು. ಹನ್ನೊಂದಾಗಿತ್ತು. ಅಂದರೆ ನಾಲ್ಕು ಗಂಟೆ ಬೆವರು ಸುರಿಸಿ ಬೆಳಿಗ್ಗೆ ಎಲ್ಲಿದ್ದನೋ ಅಲ್ಲಿಗೇ ಬಂದು ನಿಂತಿದ್ದ. ಮನವಿ ಕೊಟ್ಟು ಕಚೇರಿ ಕಚೇರಿ ತಿರುಗಿದವರಿಗೆ ಈ ಸುಖ ಹೊಸದಲ್ಲ.

ಮತ್ತೆ ಫೋನು. ಶಕ್ತಿವೇಲ್ ಹೇಳಿದ: “ಅಣ್ಣೇ, ಆ ಡಬ್ಬೀಲಿ ಮೂರು ಮಾಡೆಲ್ ಇದೆ. ಹೊರಗಿಂದ ಮೂರೂ ಒಂದೇ ಥರ. ಒಂದರದ್ದು ಒಂದಕ್ಕೆ ಆಗಲ್ಲ. ಡಬ್ಬಿ ತಳದಲ್ಲಿ ಒಂದು ಚೀಟಿ ಅಂಟಿಸಿರ್ತಾರೆ, ಅದರ ಮೇಲಿನ ನಂಬರ್ ಓದಿ.”

ಸೇಕರ್ ಡಬ್ಬಿ ಮಗುಚಿದ. ತಳದಲ್ಲಿ ಚೀಟಿ ಇತ್ತು. ಚೀಟಿಯ ನಡುಮಧ್ಯೆ ಗಂಧದ ಬೊಟ್ಟು. ಗಂಧದ ನಡುವೆ ಕುಂಕುಮ. ಎರಡೂ ಒಣಗಿ, ಬಿರುಕುಬಿಟ್ಟು, ಕಾಗದಕ್ಕೆ ಕಲ್ಲಿನಂತೆ ಹತ್ತಿಕೊಂಡಿತ್ತು. ಉಗುರಿನಿಂದ ಕೆರೆದ. ಗಂಧದ ಜೊತೆಗೆ ಕಾಗದ, ಕಾಗದದ ಜೊತೆಗೆ ನಂಬರು, ಎಲ್ಲ ಒಟ್ಟಿಗೇ ಎದ್ದು ಬಂತು.

“ತಮಿಳರಸೀ!”

“ನಂಗ್ಯಾಕೆ ಕಿರುಚ್ತೀರಾ? ಆಯುಧ ಪೂಜೆಗೆ ಇಡದೆ ಇರೋಕಾಗುತ್ತಾ? ಕುಡುಗೋಲಿಗಿಟ್ಟೆ, ಸ್ಪ್ರೇಯರಿಗಿಟ್ಟೆ, ನಿಮ್ಮ ಅರಕ್ಕಿಟ್ಟೆ. ಇದೊಂದು ಏನ್ ಪಾಪ ಮಾಡಿತ್ತು?”

“ಮುಂದುಗಡೆ ಇಡ್ಬಾರ್ದಿತ್ತಾ?”

“ಅತ್ತೆ ಬೇಡ ಅಂದ್ರು.”

“ಮುಂದೆ ಗಾಜು ಅಲ್ವೇನ್ಲಾ?” ಒಳಗಿನಿಂದ ಓಚ್ಚಮ್ಮಾಳಿನ ದನಿ. “ಬೆರಳಿಡೋ ಜಾಗ. ಅಲ್ಲಿ ಗಂಧ ಮೆತ್ತಿದ್ರೆ ಕೆಡುತ್ತೆ ಅಂತ ತಳಕ್ಕೆ ಇಡಿಸ್ದೆ. ತಪ್ಪಾ?”

ತಪ್ಪಲ್ಲ. ಅದೇ ಸೇಕರನಿಗೆ ಇನ್ನೂ ಸಿಟ್ಟು ಬರಿಸಿದ್ದು. ಯಾರನ್ನೂ ಬೈಯುವ ಹಾಗಿರಲಿಲ್ಲ.

“ಆ ಪುಟಾಣಿ ಸಿ.ಡಿ. ಇದ್ರೆ ಸಾಕು ಅಣ್ಣೇ, ಅದರ ಮೇಲೂ ನಂಬರಿದೆ” ಎಂದ ಶಕ್ತಿವೇಲ್.

ಸೇಕರ್ ಬೀರು ತೆಗೆದ, ಟ್ರಂಕು ತೆಗೆದ, ಅಕ್ಕಿ ಡ್ರಮ್ಮಿನ ಹಿಂದೆ ಕೈ ಹಾಕಿದ. “ಈ ಮನೇಲಿ ಒಂದು ವಸ್ತು ಇಟ್ಟ ಕಡೆ ಇರಲ್ಲ. ಯಾವಳೋ ಗುಡಿಸಿ ತಿಪ್ಪೆಗೆ ಹಾಕಿರ್ತಾಳೆ” ಎಂದು ಕೂಗಾಡಿದ. ತಮಿಳರಸಿ ಮೊರ ಕೆಳಗಿಟ್ಟಳು. ಅವಳು ಹಾಗೆ ಮೊರ ಕೆಳಗಿಟ್ಟರೆ ಮುಂದಿನ ಮಾತು ಮೆಲ್ಲಗೆ ಬರುತ್ತದೆ, ನಾಟುತ್ತದೆ.

“ಮಾಮಾ, ಮಾರ್ಚಿ ತಿಂಗಳಲ್ಲಿ ಗಿಳಿ ಕಾಟ ಅಂತ ಮನೇಲಿರೋ ಸಿ.ಡಿ. ಎಲ್ಲ ಬಾಚ್ಕೊಂಡು ತೋಟಕ್ಕೆ ಹೋದ್ರಲ್ಲ. ಅದ್ಯಾರು?”

ಸೇಕರ್ ಸೈಕಲ್ ಹತ್ತಿದ.

ಆ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯುವವರೆಲ್ಲ ಮಾಡುವ ಕೆಲಸವೇ ಅದು. ಹಳೇ ಸಿ.ಡಿ.ಗೆ ದಾರ ಕಟ್ಟಿ ಚಪ್ಪರಕ್ಕೆ ತೂಗುಬಿಟ್ಟರೆ ಗಾಳಿಗೆ ತಿರುಗಿ ಫಳಫಳ ಅನ್ನುತ್ತದೆ, ಹಕ್ಕಿ ಹತ್ತಿರ ಬರುವುದಿಲ್ಲ. ಸೇಕರನ ಚಪ್ಪರದಲ್ಲಿ ನಲವತ್ತಕ್ಕೂ ಹೆಚ್ಚು ತೂಗುತ್ತಿದ್ದವು. ಭಕ್ತಿಗೀತೆ, ಯಾರದೋ ಮದುವೆ ವಿಡಿಯೊ, ಹಳೇ ಸಿನಿಮಾ. ತಗ್ಗಿನ ಚಪ್ಪರದ ಕೆಳಗೆ ಬೆನ್ನು ಬಗ್ಗಿಸಿ, ಒಂದೊಂದನ್ನೂ ಹಿಡಿದು ತಿರುಗಿಸುತ್ತ ಹೋದ. ಕತ್ತು ಉಳುಕಿತು. ಸಿ.ಡಿ.ಗಳ ಬೆಳಕು ಹಕ್ಕಿಯ ಕಣ್ಣಿಗೆ ಹೊಡೆಯುವ ಬದಲು ಅವನ ಕಣ್ಣಿಗೇ ಹೊಡೆಯಿತು.

ಮೂರನೇ ಸಾಲಿನ ಕೊನೆಯಲ್ಲಿ ಸಿಕ್ಕಿತು. ಬೋಂಡದಷ್ಟು ಅಗಲದ ಪುಟಾಣಿ ಸಿ.ಡಿ. ದಾರದ ಗಂಟು ಅವನದೇ. ಬೀಗದ ಗೊಂಚಲಿಗೆ ಹಾಕುವ ಗಂಟು, ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಎಂಟು ತಿಂಗಳ ಬಿಸಿಲಿಗೆ ಬೆಳ್ಳಿ ಬಣ್ಣ ಎದ್ದುಹೋಗಿ ಜರಡಿಯಂತಾಗಿತ್ತು. ಮೇಲಿದ್ದ ಅಕ್ಷರಗಳನ್ನು ಔಷಧಿ ಸಿಂಪಡಿಸಿದ ನೀರು ತೊಳೆದಿತ್ತು. ನಂಬರು ಇರಬೇಕಾದ ಜಾಗದಲ್ಲಿ ಗಿಳಿಯೊಂದು ಹೆದರದೆ ಬಂದು ಹಿಕ್ಕೆ ಹಾಕಿ ಹೋಗಿತ್ತು.

ಸೇಕರ್ ಚಪ್ಪರದ ಕಲ್ಲುಕಂಬಕ್ಕೆ ಒರಗಿ ಕುಕ್ಕರುಗಾಲಲ್ಲಿ ಕೂತ. ಹನ್ನೆರಡೂಕಾಲು. ಎದುರಿಗೆ ಮಲೆ, ಮೇಲೆ ಗೊಂಚಲು, ಕೈಯಲ್ಲಿ ಹೇಲು ಮೆತ್ತಿದ ಡ್ರೈವರು. ಪೆರುಮಾಳನಿಗೆ ಫೋನು ಮಾಡಿ ನಾಲ್ಕು ಜನರನ್ನು ಕರೆತರಲು ಹೇಳಿಬಿಡೋಣವೇ ಅನ್ನಿಸಿತು. ಹೇಳಿದರೆ ಅವ್ವ ಬಾಯಿ ಬಿಡುವುದಿಲ್ಲ, ಸುಮ್ಮನೆ ಕುರ್ಚಿಗೆ ಹೋಗುತ್ತಾಳೆ. ಆಮೇಲೆ ಅವಳು ಮನೆಯಲ್ಲಿ ಉಂಡರೂ ಅದು ಉಂಡ ಹಾಗಲ್ಲ.

ಕೂತಲ್ಲೇ ಅವನಿಗೆ ದಿಂಡಿಗಲ್ಲಿನ ಪಟ್ಟರೆಯ ಯಜಮಾನ ಅಳಗರ್ ನೆನಪಾದ. ಬಾಯಿ ತೆಗೆದರೆ ಬೈಗುಳವೇ ಹೊರಡುತ್ತಿದ್ದ ಮುದುಕ. ಬೀಗ ರಿಪೇರಿಗೆ ಬಂದಾಗ ಹೊರಗಿನ ನಂಬರು ಸವೆದುಹೋಗಿದೆ ಅಂತ ಹುಡುಗನಾಗಿದ್ದ ಸೇಕರ್ ಕೈಚೆಲ್ಲಿದ್ದ. ಅಳಗರ್ ತಲೆಗೆ ಮೊಟಕಿ, “ಹೊರಗಿಂದು ಗಿರಾಕಿಗೆ ಕಣೋ ಮುಂಡೇದೆ. ನಮಗೆ ಬೇಕಾದ್ದು ಒಳಗಿದೆ, ಬಿಚ್ಚು” ಅಂದಿದ್ದ. ಬಿಚ್ಚಿದರೆ ಒಳತಗಡಿನ ಮೇಲೆ ಅದೇ ನಂಬರು, ಪಂಚಿನಿಂದ ಹೊಡೆದದ್ದು, ನಿನ್ನೆ ಹೊಡೆದಂತಿತ್ತು.

ಸೇಕರ್ ಫೋನು ತೆಗೆದ.

“ಶಕ್ತಿವೇಲು, ಈ ಡಬ್ಬಿ ಹೊಟ್ಟೆ ಒಳಗೆ ನಂಬರ್ ಹೊಡೆದಿರ್ತಾರಾ?”

“ಒಳಗೆ ಅಂದ್ರೆ? ಬಿಚ್ಚಬೇಡಿ ಅಣ್ಣೇ, ಬಿಚ್ಚಿದ್ರೆ ಸತ್ತೋಗುತ್ತೆ ಅದು.”

“ಬಿಚ್ಚಲ್ಲಪ್ಪಾ. ಮಾಡಿದವನು ತನಗೋಸ್ಕರ ಒಂದು ಗುರ್ತು ಇಟ್ಕೊಂಡಿರ್ಬೇಕಲ್ಲ. ಚೀಟಿ ಹರಿದ್ರೆ ಅವನು ಏನ್ ಮಾಡ್ತಾನೆ?”

ಆ ಕಡೆ ಹಣೆ ಚಚ್ಚಿಕೊಂಡ ಸದ್ದು.

“ಅಯ್ಯೋ ಅಣ್ಣೇ... ಇದೆ. ಇದೆ. ಆ ಹಳದಿ ತ್ರಿಕೋನದ ಮೇಲೆ ಮೌಸಿನ ಬಲಗಡೆ ಒತ್ತಿ. ಪ್ರಾಪರ್ಟೀಸ್. ಅಲ್ಲಿ ಡೀಟೇಲ್ಸ್. ಅದರಲ್ಲಿ ಹಾರ್ಡ್‌ವೇರ್ ಐಡಿ ಅಂತ ಆರಿಸ್ಕೊಳ್ಳಿ. ಒಂದು ಉದ್ದ ನಂಬರ್ ಬರುತ್ತೆ. ಡಬ್ಬಿ ತಾನೇ ಹೇಳ್ಕೊಳ್ಳೋ ನಂಬರ್ ಅದು. ಡ್ರೈವರ್ ಇಲ್ದಿದ್ರೂ ಹೇಳುತ್ತೆ.”

“ಬೆಳಿಗ್ಗೆ ಒಂಬತ್ತಕ್ಕೆ ಇದನ್ನ ಹೇಳೋಕೆ ನಿಂಗೇನ್ ಬಂದಿತ್ತೋ ರೋಗ?”

“ಮರ್ತಿದ್ದೆ ಅಣ್ಣೇ. ಎಲ್ರೂ ಚೀಟಿ ನೋಡ್ತಾರೆ. ಚೀಟಿಗೆ ಬೊಟ್ಟು ಇಡೋ ಮನೆ ನಿಮ್ಮೊಂದೇ.”

ಮನೆಗೆ ಬಂದಾಗ ಒಂದು ಗಂಟೆ. ನಂಬರು ಇತ್ತು. ಗಂಧಕ್ಕೂ ಗಿಳಿಗೂ ಸಿಗದ ಜಾಗದಲ್ಲಿ ಭದ್ರವಾಗಿತ್ತು. ಸೇಕರ್ ಅದನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದ. ತಮಿಳರಸಿ ಒಂದೊಂದೇ ಅಕ್ಷರ ಓದಿದಳು, ಅವನು ಒಂದೇ ಬೆರಳಲ್ಲಿ ಕುಟ್ಟಿದ. ಈ ಸಲ ನಲವತ್ತೇಳು ಎಣಿಸಿದ ಕಳ್ಳನ ಕಡೆ ತಿರುಗಿ ನೋಡಲಿಲ್ಲ. ಡಬ್ಬಿ ಮಾಡಿದ ಕಂಪನಿಯದೇ ಪುಟ ಹುಡುಕಿ, ಆ ನಂಬರಿಗೆ ಹೊಂದುವ ಡ್ರೈವರನ್ನೇ ಇಳಿಸಿಕೊಂಡ. ಹಾಕಿದ. ‘ವಿಫಲ’ ಅಂತು. ಇನ್ನೊಮ್ಮೆ ಹಾಕಿದ. ‘ವಿಫಲ.’

“ಡಬ್ಬಿ ವಯರು ಕಿತ್ತಿದ್ದೀರಾ?” ಎಂದ ಶಕ್ತಿವೇಲ್ ಫೋನಿನಲ್ಲಿ.

“ಕೀಳ್ಬೇಕಾ?”

“ಮೊದಲು ಕಿತ್ತು, ಹಳೇದನ್ನ ಪೂರ್ತಿ ತೆಗೆದು, ಕಂಪ್ಯೂಟರ್ ಆರಿಸಿ ಹಚ್ಚಿ, ಡ್ರೈವರ್ ಹಾಕಿ, ಆಮೇಲೆ ಸಿಗಿಸ್ಬೇಕು ಅಣ್ಣೇ.”

“ಇದನ್ನೂ ಮರ್ತಿದ್ಯಾ?”

“ಎಲ್ರಿಗೂ ಗೊತ್ತಿರುತ್ತೆ ಅಂತ...”

ಯಾರೋ ಆ ‘ಎಲ್ಲರು’. ಸೇಕರ್ ಇವತ್ತಿನವರೆಗೆ ಅವರಲ್ಲಿ ಒಬ್ಬನನ್ನೂ ಕಂಡಿಲ್ಲ. ಕಿತ್ತ, ತೆಗೆದ, ಆರಿಸಿದ, ಹಚ್ಚಿದ, ಹಾಕಿದ, ಸಿಗಿಸಿದ. ‘ಡುಂ’ ಅಂತ ಸ್ಪೀಕರು ಒಂದು ಸದ್ದು ಮಾಡಿತು. ಪಟ್ಟಿಯ ಕೊನೆಯಲ್ಲಿ ಹಳದಿ ತ್ರಿಕೋನ ಇರಲಿಲ್ಲ. ಡಬ್ಬಿಗೆ ಹೆಸರು ಬಂದಿತ್ತು. ಗಾಜಿನಡಿ ಕೆಂಪು ದೀಪ ಉರಿಯಿತು. ಎರಡು ಗಂಟೆ ಐದು ನಿಮಿಷ.

ಮೇಜನ್ನು ಇಬ್ಬರೂ ಸೇರಿ ಒಳಕೋಣೆಯ ಮಂಚದ ಪಕ್ಕಕ್ಕೆ ಎಳೆದರು. ಓಚ್ಚಮ್ಮಾಳ್ ಬಲಗೈ ಚಾಚಿದಳು. ಹೆಬ್ಬೆರಳು ಇಟ್ಟಳು. ‘ಗುರುತು ಸ್ಪಷ್ಟವಿಲ್ಲ.’ ತೋರುಬೆರಳು. ‘ಗುರುತು ಸ್ಪಷ್ಟವಿಲ್ಲ.’ ಸೇಕರ್ ಬೆರಳುಗಳನ್ನು ಬಿಸಿನೀರ ಬಟ್ಟೆಯಲ್ಲಿ ಒರೆಸಿ ಒಂದೊಂದಾಗಿ ಒತ್ತಿಸಿದ. ಅರವತ್ತು ವರ್ಷ ಗದ್ದೆಯ ಕೆಸರಲ್ಲಿ ಪೈರು ನೆಟ್ಟ ಬೆರಳು, ದ್ರಾಕ್ಷಿ ಕಾಯಿ ಸವರಿದ ಬೆರಳು. ಗೆರೆಗಳೇ ಇರಲಿಲ್ಲ. ಹೊಳೆಯ ಕಲ್ಲಿನಂತೆ ನುಣ್ಣಗಿದ್ದವು. ದುಡಿದು ದುಡಿದು ಗುರುತು ಕಳಕೊಂಡವಳ ಹತ್ತಿರ ಗುರುತು ತೋರಿಸು ಅಂತ ಗಾಜು ಕೇಳುತ್ತಿತ್ತು.

ಹೊರಗೆ ಪೆರುಮಾಳನ ವ್ಯಾನು ಹಾರನ್ ಹೊಡೆಯಿತು. ಓಚ್ಚಮ್ಮಾಳ್ ಕೈ ಹಿಂದಕ್ಕೆ ಎಳೆದುಕೊಂಡು ಗೋಡೆ ಕಡೆ ಮುಖ ಮಾಡಿದಳು.

“ಸಾಕು ಬಿಡ್ಲಾ. ಕುರ್ಚಿ ತಗೊಂಬಾ.”

“ಇರವ್ವಾ.” ಸೇಕರ್ ಆ ಕೈಯನ್ನು ಮತ್ತೆ ಹಿಡಿದ. ಸವೆದ ಕೀಲಿ ಅವನು ಸಾವಿರ ನೋಡಿದ್ದ. ಕೀಲಿ ಸವೆಯುವುದು ಕಚ್ಚುವ ಕಡೆ ಮಾತ್ರ. ಕಚ್ಚದ ಕಡೆ ಹೊಸದಾಗಿಯೇ ಇರುತ್ತದೆ. “ಕೆಲಸಕ್ಕೆ ಬಾರದ ಬೆರಳು ಯಾವ್ದಾದ್ರೂ ಇದ್ಯಾ?”

“ಕೆಲಸಕ್ಕೆ ಬಾರದ್ದು ನನ್ನತ್ರ ಎಲ್ಲೈತೆ? ಅಂಥವೆಲ್ಲ ನಿಮ್ಮಪ್ಪನತ್ರ ಇದ್ದವು.” ಎಡಗೈ ಸೆರಗಿನಡಿಯಿಂದ ತೆಗೆದಳು. “ಇದೊಂದೈತೆ. ಚಿಕ್ಕೋಳಿದ್ದಾಗ ಹೋರಿ ಹಗ್ಗ ಸುತ್ಕೊಂಡು ಮುರ್ದಿದ್ದು. ಮಡಚ್ಕೊಂಡೇ ಐತೆ. ಏನೂ ಹಿಡಿಯಲ್ಲ.”

ಎಡಗೈಯ ಉಂಗುರ ಬೆರಳು. ಕೊಕ್ಕೆಯಂತೆ ಅಂಗೈಗೆ ಬಾಗಿತ್ತು. ಸೇಕರ್ ಅದನ್ನು ಮೆಲ್ಲಗೆ ಬಿಡಿಸಿದ. ಮುದುಕಿ ಹಲ್ಲು ಕಚ್ಚಿ, ಅವನ ಅಪ್ಪನ ವಂಶವನ್ನೆಲ್ಲ ಬೈದಳು. ಬೆರಳ ತುದಿಯಲ್ಲಿ ಗೆರೆಗಳು ಹುಡುಗಿಯ ಬೆರಳಿನಂತೆ ಸುತ್ತಿಕೊಂಡು ನಿಂತಿದ್ದವು. ಗಾಜಿಗೆ ಒತ್ತಿದ. ಕೆಂಪು ದೀಪ ಹಸಿರಾಯಿತು. ಪರದೆಯ ಮೇಲೆ ಓಚ್ಚಮ್ಮಾಳಿನ ಹೆಸರು ಬಂತು, ಅದರ ಕೆಳಗೆ ಪ್ರಮಾಣಪತ್ರದ ನಂಬರು.

“ಆಯ್ತಾ?”

“ಆಯ್ತು ಅವ್ವಾ. ಜೀವಂತ ಅಂತೆ.”

“ಗೊತ್ತಿತ್ತು ನಂಗೆ. ಅರಸೀ, ನೀರು ಕೊಡೇ. ಆಮೇಲೆ ಅನ್ನ ಇಕ್ಕು, ಹುಳಿ ಜಾಸ್ತಿ ಹಾಕು.”

ಎರಡು ಚೊಂಬು ನೀರು ಒಂದೇ ಉಸಿರಿಗೆ ಕುಡಿದು, ತನ್ನನ್ನು ದಿಂಬಿಗೆ ಒರಗಿಸಿ ಕೂರಿಸಲು ಹೇಳಿದಳು. ಬಾಗಿಲು ಪೂರ್ತಿ ತೆಗೆಸಿದಳು. ಹೊರಗೆ ಪೆರುಮಾಳ್ ವ್ಯಾನಿಗೆ ಒರಗಿ ನಿಂತಿದ್ದ. ಹೋದ ವರ್ಷ ಕುರ್ಚಿಯ ಒಂದು ಕಾಲು ಹಿಡಿದವನು ಅವನೇ.

“ಏ ಪೆರುಮಾಳು, ಒಳಗೆ ಬಾ. ಅನ್ನ ಉಂಡ್ಕೊಂಡು ಹೋಗು. ನನ್ನ ಎತ್ತೋ ಕೆಲಸ ಇವತ್ತಿಲ್ಲ.”

ಸೇಕರ್ ಆ ಹೊತ್ತಿಗೆ ಅಟ್ಟದಿಂದ ತನ್ನ ದಿಂಡಿಗಲ್ಲಿನ ಪೆಟ್ಟಿಗೆ ಇಳಿಸಿದ್ದ. ಬೀಗಕ್ಕೆ ನಂಬರು ಗೀಚುವ ಮೊನೆಗಬ್ಬಿಣ ತೆಗೆದು, ತುದಿ ಕಾಯಿಸಿ, ಡಬ್ಬಿಯ ತಳದ ಪ್ಲಾಸ್ಟಿಕ್ಕಿನಲ್ಲೇ ಆ ಉದ್ದ ನಂಬರನ್ನು ಕೊರೆಯುತ್ತ ಕೂತ. ಸುಟ್ಟ ವಾಸನೆ ಮನೆ ತುಂಬಿತು.

“ಗಂಧ ಇಟ್ರೂ ಹೋಗಲ್ಲ ಇನ್ನು” ಎಂದ ತಲೆ ಎತ್ತದೆ.

“ಇಡೋದು ಇಟ್ಟೇ ಇಡ್ತೀನಿ” ಎಂದಳು ತಮಿಳರಸಿ, ಪೆರುಮಾಳನಿಗೆ ಎಲೆ ಹಾಕುತ್ತ.